ಎರಡು ಮಿಲಿಮೀಟರು

ಉಂಗುರ ಈ ಸಲವೂ ಹದಿಮೂರರಲ್ಲೇ ನಿಂತಿತು.

ಸೈಕಲ್ ರಿಪೇರಿಯ ಮುದುಕ ಕನ್ನಡಕ ಒರೆಸಿಕೊಂಡು ಮತ್ತೆ ಬಗ್ಗಿದ. ಅದು ಬೆಟ್ಟ ಹತ್ತಿ ಇಳಿಯುವ ಸೈಕಲ್ಲು. ಏರಿ ಕೂತವರ ಭಾರಕ್ಕೆ ಹಿಂದಿನ ಶಾಕ್ ಅಬ್ಸಾರ್ಬರ್ ಹದವಾಗಿ ಕುಸಿಯಬೇಕು. ಎಷ್ಟು ಕುಸಿಯಿತೆಂದು ಅದರ ಕೊಳವೆಯ ಮೇಲೆ ಸರಿದು ನಿಲ್ಲುವ ರಬ್ಬರ್ ಉಂಗುರ ಹೇಳುತ್ತದೆ. ಐವತ್ತೈದು ಕಿಲೋದವರಿಗೆಂದು ಗೋಡೆಯ ಪಟ್ಟಿಯಲ್ಲಿದ್ದಷ್ಟೇ ಗಾಳಿ ತುಂಬಿದ್ದ. ಹದಿನೈದು ಮಿಲಿಮೀಟರು ಇಳಿಯಬೇಕಿತ್ತು.

ಹುಡುಗಿ ಆಗಲೇ ಮೂರು ಸಲ ಹತ್ತಿ ಇಳಿದಿದ್ದಳು. ಬೆಟ್ಟದಲ್ಲಿ ಬಿದ್ದವರನ್ನು ಸೈಕಲ್ಲಿನಲ್ಲಿ ಹೋಗಿ ಎತ್ತಿ ತರುವ ಪಡೆಗೆ ಹೊಸದಾಗಿ ಸೇರಿದವಳು. ಪಡೆಯ ಮೇಲ್ವಿಚಾರಕಿ ಅವಳ ತೂಕದ ಚೀಟಿ ಹಿಡಿದು ಬಾಗಿಲಾಚೆ ಫೋನಿನಲ್ಲಿ ಮಾತಾಡುತ್ತಿದ್ದರು. ಐವತ್ತೈದಕ್ಕಿಂತ ಕಡಿಮೆಯವರನ್ನು ತೆಗೆದುಕೊಳ್ಳುವುದಿಲ್ಲ, ಗಾಯಗೊಂಡವರನ್ನು ಹೊರಬೇಕಲ್ಲ ಎಂದು ಬಂದ ಕೂಡಲೇ ಹೇಳಿದ್ದರು.

ಮುದುಕನಿಗೆ ತಲೆಬುಡ ತಿಳಿಯಲಿಲ್ಲ. ಗಾಳಿ ಸೋರಿದರೆ ಹೆಚ್ಚು ಕುಸಿಯಬೇಕು, ಇದು ಕಡಿಮೆ. ಒಳಗೆ ಬಿಗಿದುಕೊಂಡಿದೆಯೇ ಎಂದು ಅದುಮಿ ನೋಡಿದ, ಬೆಣ್ಣೆಯಂತೆ ಇಳಿಯಿತು. ಅಳತೆಪಟ್ಟಿ ಬದಲಿಸಿದರೂ ಅದೇ ಹದಿಮೂರು. ಕೊನೆಗೆ ಗೋಡೆಯ ಪಟ್ಟಿಯ ಗೊಡವೆ ಬಿಟ್ಟು, ಉಂಗುರ ಹದಿನೈದಕ್ಕೆ ಬರುವ ತನಕ ಚೂರು ಚೂರೇ ಗಾಳಿ ಬಿಟ್ಟ. ಆಮೇಲೆ ಗಾಳಿಯ ಒತ್ತಡ ತೋರಿಸುವ ಪಂಪಿನ ಮುಳ್ಳು ನೋಡಿದ. ಅದು ತೋರಿಸುತ್ತಿದ್ದದ್ದು ಗೋಡೆಯ ಪಟ್ಟಿಯಲ್ಲಿ ನಲವತ್ತೆಂಟು ಕಿಲೋದ ಎದುರಿಗಿದ್ದ ಅಂಕಿ.

ಹುಡುಗಿ ಹ್ಯಾಂಡಲ್ಲಿನ ಹಿಡಿಯನ್ನು ಉಗುರಿನಿಂದ ಕೆರೆಯುತ್ತಿದ್ದಳು.

"ಉಳಿದ ಏಳು ಕಿಲೋ ಎಲ್ಲಿ, ಮಗಳೇ?" ಎಂದ, ದನಿ ತಗ್ಗಿಸಿ.

"ಹೊಳೆ ಕಲ್ಲು, ಅಜ್ಜ. ತೂಕದ ದಿನ ಸೊಂಟಕ್ಕೆ ಕಟ್ಕೊಂಡಿದ್ದೆ. ನಾಲ್ಕು ವರ್ಷ ಬರೀ ತೂಕ ನೋಡಿನೇ ವಾಪಸ್ ಕಳಿಸಿದ್ರು."

"ತೂಕ ಆದ್ಮೇಲೆ ಬೆಟ್ಟ ಹತ್ತಿಸ್ತಾರಂತಲ್ಲ?"

"ಹತ್ತಿಸಿದ್ರು. ಬಿಚ್ಚೋಕೆ ಒಂದು ಮರೆ ಸಿಗ್ಲಿಲ್ಲ. ಹೊತ್ಕೊಂಡೇ ಹತ್ತಿ ಇಳಿದೆ."

"ಎಷ್ಟನೆಯವಳಾಗಿ ಬಂದೆ?"

"ಎರಡನೆಯವಳು." ತುಸು ತಡೆದು, "ನೀವು ಹೇಳಿದ್ರೆ ಇವತ್ತೇ ಮನೆಗೆ" ಎಂದಳು.

ಹೇಳಬೇಡಿ ಎಂದು ಬೇಡಿಕೊಳ್ಳಲಿಲ್ಲ. ಬೇಡಿಕೊಂಡಿದ್ದರೆ ಮುದುಕನಿಗೆ ಸುಲಭವಾಗುತ್ತಿತ್ತೇನೋ. ಹೊರಲಾರದವರನ್ನು ತಡೆಯಲೆಂದು ಇದ್ದ ನಿಯಮ. ಇವಳು ಆ ನಿಯಮವನ್ನೇ ಸೊಂಟಕ್ಕೆ ಕಟ್ಟಿಕೊಂಡು ಬೆಟ್ಟ ಹತ್ತಿ ಬಂದಿದ್ದಳು.

ಮೇಲ್ವಿಚಾರಕಿ ಒಳಗೆ ಬಂದು, ಯಾಕಿಷ್ಟು ಹೊತ್ತು, ಲೆಕ್ಕ ಕೂಡುತ್ತಿಲ್ಲವೇ ಎಂದು ಕೇಳಿದರು. ಮುದುಕ ಮನಸ್ಸಿನಲ್ಲೇ ದೇವರನ್ನು ನೆನೆದ. ಪಂಪನ್ನು ಕೈಗೆತ್ತಿಕೊಂಡ.

"ಸೈಕಲ್ಲು ಸರಿಯಾಗಿದೆ, ಅಮ್ಮ. ನಮ್ಮ ಪಂಪಿನ ಮುಳ್ಳೇ ಸುಳ್ಳು ಹೇಳ್ತಿದೆ."

ಹಾಗಾದರೆ ಮೊದಲು ಅದನ್ನು ಎಸೆಯಿರಿ, ನಮ್ಮದು ಜೀವ ಉಳಿಸುವ ಕೆಲಸ ಎಂದರು ಅವರು. ಮುದುಕ ಅವರ ಕಣ್ಣೆದುರೇ ಪಂಪನ್ನು ಗುಜರಿ ಡಬ್ಬಿಗೆ ಹಾಕಿದ. ಹುಡುಗಿ ತಲೆ ಎತ್ತದೆ ಸೈಕಲ್ಲು ತಳ್ಳಿಕೊಂಡು ಹೋದಳು.

ಇಬ್ಬರೂ ತಿರುವಿನಲ್ಲಿ ಮರೆಯಾದ ಮೇಲೆ ಮುದುಕ ಪಂಪನ್ನು ಡಬ್ಬಿಯಿಂದ ಹೊರಗೆ ತೆಗೆದ. ಹನ್ನೆರಡು ವರ್ಷದಲ್ಲಿ ಒಂದು ಅಂಕಿಯೂ ತಪ್ಪದ ಪಂಪು. ಅಂಗಿಯ ತುದಿಯಿಂದ ಮುಳ್ಳಿನ ಗಾಜು ಒರೆಸಿ, "ತಪ್ಪು ನಿನ್ನ ಮೇಲೆ ಹಾಕ್ಬಿಟ್ಟೆ ಕಣಪ್ಪ. ಸೈರಿಸ್ಕೋ" ಎಂದ.