ಹದಿನೆಂಟನೆಯ ಗಿಡ

ತೀರಿಕೊಂಡ ಗಂಡ ತೌಫೀಕನ ಮೂರನೆಯ ದಿನದ ಜಿಯಾರತ್ ಮುಗಿದು, ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಸಾಹಿರಾ ಅವನ ಕುಂಡದ ಕಲ್ಲುಗೋರಂಟಿ ಗಿಡಕ್ಕೆ ನೀರು ಹಾಕುತ್ತಿದ್ದಳು. ಧುಪದಾಳದ ಗುಡ್ಡದಲ್ಲಿ ಆಡು ಮೇಯಿಸುವ ಯಲ್ಲವ್ವ ಬಂದು ಬಾಗಿಲಲ್ಲಿ ನಿಂತಳು.

“ಗುಡ್ಡದಾಗಿನ ಈ ಗಿಡಾ ಎಲ್ಲಾ ಕಿತ್ತ ಒಗದಾರ ತಂಗಿ. ರಸ್ತೆ ಮಾಡಾಕ ಬಂದವ್ರು. ಕೆಂಪು ಬಣ್ಣ ಹಚ್ಚಿದ್ದೆಲ್ಲಾ ತಗಿಯೂದಂತ ತಿಳದ್ರು. ನನ್ನ ಆಡು ಹತ್ತ ವರ್ಷದಾಗ ಮಾಡದ ಕೆಲಸಾ ಒಂದ ತಾಸಿನ್ಯಾಗ ಮಾಡಿ ಹೋದ್ರು.”

ಆ ಬಣ್ಣ ಹಚ್ಚಿದವನು ಶಾಲೆಯ ಮಾಸ್ತರನಾಗಿದ್ದ ತೌಫೀಕ. ಬೇರೆಲ್ಲೂ ಕಾಣದ ಆ ಗಿಡವನ್ನು ಅಳಿವಿನಂಚಿನ ಸಸ್ಯಗಳ ಪಟ್ಟಿಗೆ ಸೇರಿಸಲು ಅರಣ್ಯ ಇಲಾಖೆಯವರು ಸಂಖ್ಯೆ ಕೇಳಿದ್ದರು. ಎಣಿಕೆ ತಪ್ಪಬಾರದೆಂದು ಒಂದೊಂದರ ಕಾಂಡಕ್ಕೂ ಚುಕ್ಕೆ ಇಟ್ಟಿದ್ದ. ಒಟ್ಟು ಹದಿನೆಂಟು. ಕುಂಡದಲ್ಲಿದ್ದದ್ದು ಹದಿನೆಂಟನೆಯದು.

“ಬೇರಾದ್ರೂ ಹಸಿ ಅದಾವೇನು?” ಸಾಹಿರಾ ಕೇಳಿದಳು.

“ಬೆಂಕಿ ಹಚ್ಯಾರವ್ವಾ. ಈ ಕುಂಡದಾಗಿಂದು ಕೊಡು. ಹೂ ನೋಡಿ ತಿರುಗಿ ತಂದ ಹಚ್ತೇನಂತ ಮಾಸ್ತರು ನನ್ನ ಕೇಳಿ ಒಯ್ದಿದ್ರು. ನಮ್ಮ ದೊಡ್ಡಿ ಬಾಜೂ ಹಚ್ಚಿ, ಸುತ್ತ ಮುಳ್ಳ ಬಡೀತೇನಿ.”

“ನನ್ನ ಮಗನ ಕೈಯಾಂದು ಅದೊಂದ ಉಳದೈತಿ,” ಒಳಗಿನಿಂದ ಅತ್ತೆ ಮೆಹಬೂಬಿ ಹೇಳಿದಳು. “ಇದ್ದತ್ ಮುಗೀಲಿ ಸಾಹಿರಾ, ನೀನ ಒಯ್ದ ಹಚ್ಚು.”

ಗಂಡ ಸತ್ತವಳು ಮನೆಯೊಳಗೇ ಇರಬೇಕಾದ ಇದ್ದತ್ ಮುಗಿಯುವವರೆಗೆ, ಇನ್ನೂ ನಾಲ್ಕು ತಿಂಗಳ ಮೇಲೆ, ಸಾಹಿರಾ ಹೊಸ್ತಿಲು ದಾಟುವಂತಿರಲಿಲ್ಲ. ಮನೆಯ ನೀರು ಒಗ್ಗದೆ ಗಿಡದ ಕೆಳಗಿನ ಎಲೆಗಳು ಆಗಲೇ ಹಳದಿಯಾಗಿದ್ದವು. ಅವಳು ಕುಂಡದ ಮುಂದೆ ಕುಳಿತು, ಗಂಡ ಇಟ್ಟ ಚುಕ್ಕೆಯನ್ನು ಉಗುರಿನಿಂದ ಕೆರೆದಳು. ಒಂದು ಚೂರೂ ಕೆಂಪು ಉಳಿಯದ ಹಾಗೆ ಕೆರೆದಳು. ಆಮೇಲೆ ಕುಂಡವನ್ನೆತ್ತಿ, ಹೊಸ್ತಿಲಿನಾಚೆ ಚಾಚಿದ್ದ ಯಲ್ಲವ್ವನ ಕೈಗಳಲ್ಲಿ ಇಟ್ಟಳು.