ಜೆಲ್ಫಜ್ಜಿಯ ಕೈಬರಹ

ಡೊಯ್ಲ್ ಬಂದೂಕಿನ ಹಿಡಿಯಿಂದ ಮತ್ತೊಮ್ಮೆ ಬಡಿದ. ಮುದುಕ ಎಮೊರಿ ಸ್ಲೋನ್ ಸ್ಮಶಾನದ ಬೇಲಿಗೆ ಒರಗಿ ಕುಸಿದ. ಬಾಯಿಂದ ರಕ್ತದ ಜತೆ ಎರಡು ಹಲ್ಲು ಉದುರಿದವು.

"ನಮ್ಮಜ್ಜಿ ಗೋರಿಗೆ ಹೂವು ಇಡೋಕೆ ಬಂದ್ಯಾ? ನಮ್ಮಜ್ಜನ್ನ ಕೊಡಲೀಲಿ ಸೀಳಿದ ವಂಶ ಕಣೋ ನಿಂದು!"

"ನಿಮ್ಮಜ್ಜಿ ವರ್ಷಾ ವರ್ಷಾ ನಮ್ಮೋರ ಗೋರಿಗೆಲ್ಲ ಇಡ್ತಿದ್ರಪ್ಪ," ಎಂದ ಎಮೊರಿ. "ಅದಕ್ಕೇ ಬಂದೆ."

ಅದು ಸುಳ್ಳಲ್ಲ. ತನ್ನ ಮಕ್ಕಳೇ ಕೊಂದ ಸ್ಲೋನರ ಗೋರಿಗಳಿಗೆ ಅಜ್ಜಿ ಜೆಲ್ಫಾ ಹೂವಿಡುತ್ತಿದ್ದಳು. ಎಂಥ ದೊಡ್ಡ ಮನಸ್ಸು ಎಂದು ಊರು ಹೊಗಳುತ್ತಿತ್ತು.

ವರ್ಲಾ ತಮ್ಮ ಡೊಯ್ಲ್‌ನ ತೋಳು ಹಿಡಿದೆಳೆದಳು. ಅವನು ಕೊಡವಿಕೊಂಡ. ಎರಡು ವರ್ಷದಿಂದ ಅವಳು ಅಜ್ಜಿಯ ಕತೆ ಹುಡುಕುತ್ತ ಕೆಂಟಕಿಯ ಗುಡ್ಡಗಳನ್ನೆಲ್ಲ ಸುತ್ತಿದ್ದಳು. ಸಿಕ್ಕಿದ್ದಿಷ್ಟೇ: ಒಂಬತ್ತು ಹೆತ್ತವಳು, ಜೋಳದ ರೊಟ್ಟಿ ಸುಟ್ಟವಳು, ಹಸು ಒದ್ದು ದವಡೆ ಸೊಟ್ಟಗಾದವಳು. ಒಂದಲ್ಲ, ಮೂರು ಸಲ ಒದ್ದಿತ್ತಂತೆ. ಜೆಲ್ಫಾ ವಿಧವೆಯಾದ ಮೇಲೆ ಹಸುಗಳೂ ಸಾಧುವಾದವು ಎಂದು ಹಳಬರು ನಗುತ್ತಿದ್ದರು.

ಅಜ್ಜ ಹೈರಮ್ ಒಂದು ಚಳಿಗಾಲದ ಬೆಳಗ್ಗೆ ಸೌದೆಗೆ ಹೋದವನು ಬರಲಿಲ್ಲ. ಹಿಮ ಕರಗಿದಾಗ ಹಳ್ಳದಲ್ಲಿ ಹೆಣ ಸಿಕ್ಕಿತು, ತಲೆಯಲ್ಲಿ ಕೊಡಲಿ ಸಮೇತ. ಎಂದು ಸತ್ತನೋ ಯಾರಿಗೂ ತಿಳಿಯಲಿಲ್ಲ. "ಬೆಳಗ್ಗೆ ಹೋಗುವಾಗ ನೋಡಿದ್ದೇ ಕಡೆ," ಎಂದಿದ್ದಳು ಜೆಲ್ಫಾ. ಸ್ಲೋನರ ಜತೆ ಹಳೆಯ ಬೇಲಿ ಜಗಳವಿತ್ತು. ಅಷ್ಟೇ ಸಾಕಾಯಿತು. ಅಲ್ಲಿಂದ ಎರಡೂ ಮನೆಗಳು ಸೇರಿ ಹನ್ನೊಂದು ಹೆಣ ಹೊತ್ತವು.

ಅಜ್ಜಿಯ ಬೈಬಲ್ ಇವತ್ತು ಬೆಳಗ್ಗೆಯಷ್ಟೇ ಸೋದರತ್ತೆಯ ಪೆಟ್ಟಿಗೆಯಲ್ಲಿ ಸಿಕ್ಕಿತ್ತು. ಮನೆಯ ಹುಟ್ಟುಸಾವೆಲ್ಲ ಅದರ ಮೊದಲ ಹಾಳೆಗಳಲ್ಲಿದ್ದವು. "ಅಮ್ಮ ಕಣ್ಣಾರೆ ಕಂಡಿದ್ದಕ್ಕೆ ಮಾತ್ರ ಗಂಟೆ ಬರೀತಿದ್ಲು ಕಣೆ, ಕಾಣದ್ದಕ್ಕೆ ಬರೀ ತಾರೀಖು," ಎಂದಿದ್ದಳು ಅತ್ತೆ. ನಿಜವೇ. ಒಂಬತ್ತು ಹೆರಿಗೆಗೂ ಗಂಟೆ, ನಿಮಿಷ ಇತ್ತು. ಸ್ಲೋನರ ಗುಂಡಿಗೆ ದೂರದಲ್ಲೆಲ್ಲೋ ಸತ್ತ ಮೂವರು ಗಂಡುಮಕ್ಕಳಿಗೆ ಬರೀ ತಾರೀಖು. ವರ್ಲಾ ಅಲ್ಲಿಯವರೆಗಷ್ಟೇ ಓದಿದ್ದಳು.

ಡೊಯ್ಲ್ ಬಂದೂಕಿನ ಕೊಳವೆಯನ್ನು ಮುದುಕನ ಹಣೆಗೆ ಒತ್ತಿದ.

"ಅಕ್ಕಾ, ಅಜ್ಜ ಸತ್ತ ದಿನ ಬರೆದಿದ್ಯಾ ನೋಡು. ಜೋರಾಗಿ ಓದು. ಕೇಳಿಸ್ಕೊಂಡು ಸಾಯ್ಲಿ ಇವ್ನು."

ಬೈಬಲ್ ಅವಳ ಕಂಕುಳಲ್ಲೇ ಇತ್ತು. ಹಾಳೆ ತಿರುವಿದಳು. ಅದೇ ದುಂಡು ಅಕ್ಷರ. ವರ್ಲಾ ಆ ಸಾಲನ್ನು ಮನಸ್ಸಿನಲ್ಲೇ ಎರಡು ಸಲ ಓದಿಕೊಂಡಳು.

"ಓದಕ್ಕಾ!"

"ಹೈರಮ್, ಜನವರಿ ಒಂಬತ್ತು," ಎಂದಳು ವರ್ಲಾ. "ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ."