ತುದಿವರೆಗೂ ಮರ

“ಪ್ರಸನ್ನಕುಮಾರ್ ಸಾವ್ಕಾರ್ರ ಕೋವಿ ಮರ ಕುಯ್ದೋರು ನೀವೇನಾ?”

ಭದ್ರಾವತಿಯ ತನ್ನ ಅಂಗಡಿಯಲ್ಲಿ ತೇಗದ ಬಾಗಿಲಿಗೆ ಪಾಲಿಶ್ ಪೇಪರ್ ಉಜ್ಜುತ್ತಿದ್ದ ಬಡಗಿ ಗೋವಿಂದ ತಲೆ ಎತ್ತಿದ. ಎದುರಿಗೆ ನಿಂತಿದ್ದ ಹೆಂಗಸಿನ ಕೈಯಲ್ಲಿ ಆಸ್ಪತ್ರೆಗೆ ಊಟ ಒಯ್ಯುವ ಕ್ಯಾರಿಯರ್ ಇತ್ತು. ಕೂದಲು ಬಾಚದೆ ಎಷ್ಟು ದಿನವಾಗಿತ್ತೋ.

“ಯಾರಮ್ಮ ನೀವು?”

“ಆಯನೂರಿನ ಬಂಗಾರಮ್ಮ. ಜೋಳದ ಹೊಲದಲ್ಲಿ ಗುಂಡು ಬಿತ್ತಲ್ಲ ಕರಿಯಪ್ಪ, ಅವರ ಹೆಂಡ್ತಿ.”

ಗೋವಿಂದನ ಕೈ ನಿಂತಿತು. ಸುದ್ದಿ ಅವನಿಗೂ ಗೊತ್ತಿತ್ತು. ಹಂದಿ ಕಾಯಲು ಹೊಲದಲ್ಲಿ ಮಲಗಿದ್ದ ಗಂಡನಿಗೆ ನಸುಕಿನಲ್ಲಿ ಕಾಫಿ ಒಯ್ಯುತ್ತಿದ್ದ ಬಂಗಾರಮ್ಮ ಗುಂಡಿನ ಸದ್ದು ಕೇಳಿ ಓಡಿದ್ದಳು. ಮಂಜಿನಲ್ಲಿ, ಬದುವಿನ ಮೇಲೆ, ಮಂಕಿ ಕ್ಯಾಪ್ ಹಾಕಿಕೊಂಡವನೊಬ್ಬ ಓಡಿಹೋಗುತ್ತಿದ್ದ. ಮುಖ ಕಾಣಲಿಲ್ಲ, ಕೈಯಲ್ಲಿದ್ದ ಕೋವಿ ಕಂಡಿತು. ಎಲ್ಲರ ಕೋವಿಯಲ್ಲೂ ಮರ ಅರ್ಧಕ್ಕೇ ಮುಗಿದು ಮುಂದೆ ಬರೀ ಕಬ್ಬಿಣದ ನಳಿಗೆ ಇರುತ್ತದೆ. ಇದರಲ್ಲಿ ಮರ ನಳಿಗೆಯ ಬಾಯಿವರೆಗೂ ಹೋಗಿತ್ತು. ಸುತ್ತಲ ಊರುಗಳಲ್ಲಿ ಅಂಥ ಕೋವಿ ಇದ್ದದ್ದು ಒಂದೇ ಮನೆಯಲ್ಲಿ.

“ನಿನ್ನೆ ಠಾಣೆಗೆ ಕರ್ಸಿ ಆ ಕೋವಿ ತೋರ್ಸಿದ್ರು,” ಎಂದಳು ಬಂಗಾರಮ್ಮ. “ನೋಡಿದ್ರೆ ಮರ ಅರ್ಧಕ್ಕೇ ಇದೆ! ‘ನಮ್ಮದು ಮೊದ್ಲಿಂದ್ಲೂ ಹೀಗೇ, ಈಯಮ್ಮ ಬೇರೆ ಯಾರದ್ದೋ ನೋಡಿದಾಳೆ’ ಅಂದ್ರು ಸಾವ್ಕಾರ್ರು. ವರ್ಷ ವರ್ಷ ಆಯುಧಪೂಜೆಗೆ ಅದನ್ನ ಜಗಲಿ ಮೇಲಿಟ್ಟು ಊರಿಗೆಲ್ಲ ತೋರಿಸ್ತಿದ್ರು. ಈಗ ಕೇಳಿದ್ರೆ ಊರಲ್ಲಿ ಒಬ್ಬರಿಗೂ ನೆನಪಿಲ್ವಂತೆ. ಅವರ ಮನೆ ಮರಗೆಲಸ ಎಲ್ಲ ಮಾಡೋದು ನೀವು. ಹೇಳಿ, ಕುಯ್ದೋರು ಯಾರು?”

ಗೋವಿಂದ ಬಾಗಿಲಿನ ಕಡೆಗೇ ನೋಡುತ್ತ ಹೇಳಿದ. “ಅವ್ರು ತಂದಿದ್ದು ಬರೀ ಮರ ಕಣಮ್ಮ, ನಳಿಗೆ ಇರ್ಲಿಲ್ಲ. ಥಂಡಿಗೆ ಮರ ಉಬ್ಬಿ ನಳಿಗೆನ ಒತ್ತುತ್ತಿದೆ, ಗುರಿ ತಪ್ತಿದೆ, ಮುಂದಿನ ಭಾಗ ತೆಗೆದುಬಿಡು ಅಂದ್ರು. ತೆಗೆದೆ.”

“ಗುರಿ ತಪ್ಪಿದ್ದು ನಿಜವೇ. ಹಂದಿಗೆ ಇಟ್ಟಿದ್ದು ನಮ್ಮ ಯಜಮಾನ್ರ ಮಂಡಿಗೆ ಬಿತ್ತು. ಮಂಡಿಯಿಂದ ಕೆಳಗೆ ಕಾಲು ತೆಗೆದುಹಾಕಿದ್ದಾರೆ. ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ ಕುಯ್ಸ್ತಿದೀರಿ ಅಂತ ಒಂದು ಮಾತು ಕೇಳ್ಬಾರ್ದಿತ್ತಾ ನೀವು?”

“ಬಂದ ಮರಕ್ಕೆಲ್ಲ ಕಥೆ ಕೇಳ್ತಾ ಕೂತ್ರೆ ಅಂಗಡಿ ನಡೆಯುತ್ತಾ? ಠಾಣೆ ಗೀಣೆ ಅಂತ ನನ್ನ ಎಳೀಬೇಡಿ ಮಾರಾಯ್ತಿ. ಹೆಂಡ್ತಿ ಮಕ್ಕಳಿರೋನು ನಾನು.”

ಬಂಗಾರಮ್ಮ ಕ್ಯಾರಿಯರನ್ನು ನೆಲಕ್ಕಿಟ್ಟಳು. ಬೆಂಚಿನ ಮೇಲಿದ್ದ ಗರಗಸ ಎತ್ತಿಕೊಂಡು, ಬಳ್ಳಿ ಕೆತ್ತಿದ್ದ ಆ ಬಾಗಿಲಿನ ಅಂಚಿಗೆ ಇಟ್ಟು ಎಳೆದೇಬಿಟ್ಟಳು. ತೇಗದ ಪುಡಿ ಅವಳ ಕಾಲ ಮೇಲೆ ಉದುರಿತು.

“ಅಯ್ಯೋ, ಬಿಡಿ! ಅದು ಗಿರಾಕಿದು! ನಾಡಿದ್ದು ಅವರ ಗೃಹಪ್ರವೇಶ!”

“ಇರ್ಲಿ. ಯಾರದು, ಯಾಕೆ ಅಂತ ಕೇಳ್ದೆ ಕುಯ್ಯೋದು ತಾನೆ ಈ ಅಂಗಡಿ ಪದ್ಧತಿ? ನಾನೂ ಕೇಳಲ್ಲ.” ಮತ್ತೆ ಎಳೆದಳು.

ಗರಗಸ ಬಿಡಿಸಿಕೊಳ್ಳಲು ಗೋವಿಂದನಿಗೆ ಎರಡೂ ಕೈ ಬೇಕಾಯಿತು. ಅವನು ಬಾಗಿಲಿನ ಗಾಯವನ್ನು ಬೆರಳಿನಿಂದ ಮುಟ್ಟಿ ನೋಡಿದ. ಬೈಯಬೇಕೆಂದು ಬಾಯಿ ತೆರೆದ. ಹೊರಬಿದ್ದ ಬೈಗುಳ ಅವಳಿಗಾಗಿರಲಿಲ್ಲ.

“ಅವನ ಮನೆ ಬಾಗಿಲು, ಕಿಟಕಿ, ದೇವರ ಮಂಟಪ, ಎಲ್ಲ ನಾನು ಮಾಡಿದ್ದು. ನನ್ನ ಕೈಲೇ ಇಂಥ ಹಲ್ಕಟ್ ಕೆಲ್ಸ ಮಾಡ್ಸಿದ್ನಲ್ಲ ಬೋಳಿಮಗ! ನಡೀರಿ.”

ಶಟರ್ ಎಳೆದ ಸದ್ದಿಗೆ ಪಕ್ಕದ ಅಂಗಡಿಯವರು ಇಣುಕಿ ನೋಡಿದರು.

ಠಾಣೆಯಲ್ಲಿ ಎಸ್‌ಐ ದಿವ್ಯಶ್ರೀ ಗೋವಿಂದ ಹೇಳಿದ್ದನ್ನೆಲ್ಲ ಕೇಳಿ, ಪ್ರಸನ್ನಕುಮಾರರಿಗೆ ಫೋನ್ ಮಾಡಿ ಕರೆಸಿದರು. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದು, ಹೇಳುವ ಮೊದಲೇ ಕುರ್ಚಿ ಎಳೆದುಕೊಂಡು ಕೂತರು. ಕೋವಿ ಮೇಜಿನ ಮೇಲಿತ್ತು.

“ಇದನ್ನ ಕುಯ್ದಿದ್ದು ನಾನೇ ಮೇಡಂ. ಗುಂಡು ಬಿದ್ದ ಮಾರನೇ ದಿನ,” ಎಂದ ಗೋವಿಂದ.

“ಶುದ್ಧ ಸುಳ್ಳು!” ಪ್ರಸನ್ನಕುಮಾರ್ ನಕ್ಕರು. “ಯಾರೋ ಹೇಳಿಕೊಟ್ಟು ಕಳಿಸಿದ್ದಾರೆ ಇವನನ್ನ. ಇವನ ಕೈಗೆ ನಾನು ಏನೂ ಕೊಟ್ಟಿಲ್ಲ. ಕೊಟ್ಟಿದ್ರೆ ಕುಯ್ದ ತುಂಡು ಎಲ್ಲಿ, ತೋರಿಸಲಿ.”

ಗೋವಿಂದ ಮೇಜಿನ ಹತ್ತಿರ ಬಂದ. “ತುಂಡು ಎಲ್ಲಿಂದ ತರ್ಲಿ? ಅವತ್ತೇ ನಮ್ಮನೆ ಬಚ್ಚಲೊಲೆಗೆ ಹಾಕ್ದೆ. ಚೆನ್ನಾಗಿ ಉರೀತು. ಒಂದು ಹಂಡೆ ನೀರು ಕಾಯ್ತು.”

“ಒಲೆಗಾ?” ಪ್ರಸನ್ನಕುಮಾರ್ ಎದ್ದೇಬಿಟ್ಟರು. ಕುರ್ಚಿ ಹಿಂದಕ್ಕೆ ಬಿತ್ತು. “ಜೋಪಾನವಾಗಿ ಎತ್ತಿಡು ಅಂದಿದ್ನಲ್ಲೋ ನಾಯಿ! ಆಮೇಲೆ ಕೂಡಿಸಬಹುದು ಅಂದಿದ್ನಲ್ಲೋ!”

ದಿವ್ಯಶ್ರೀ ಪೆನ್ನು ಕೈಗೆತ್ತಿಕೊಂಡರು. ಆಡಿದ ಮಾತು ಪ್ರಸನ್ನಕುಮಾರರಿಗೆ ಅರ್ಥವಾಯಿತೋ ಇಲ್ಲವೋ, ಅವರು ಮೇಜಿನ ಮೇಲೆ ಬಾಗಿ, ಮರ ಕುಯ್ದ ಜಾಗವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದರು.

“ನಮ್ಮ ತಾತನ ಕಾಲದ ಅಕ್ರೋಟ್ ಮರ ಮೇಡಂ. ಹಿಡಿಯಿಂದ ಬಾಯಿವರೆಗೆ ಒಂದೇ ತುಂಡು, ಎಲ್ಲೂ ಜೋಡಣೆ ಇಲ್ಲ. ಇನ್ನು ಎಲ್ಲಿಂದ ತರೋದು? ಕುಯ್ದು ಹಾಕಿದ್ದು ಮತ್ತೆ ಚಿಗುರುತ್ತಾ?”

ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಬಂಗಾರಮ್ಮ ಅದನ್ನು ನೋಡುತ್ತ ನಿಂತಳು.